ಅಣ್ಣನ ರಿವಾಲ್ವರ್‌ಗೆ ಕನ್ನಡಕ ತೊಡಿಸಿದ್ದು

"ಲೂಸಾಗಿದೆ" ಎಂಬ ಮಾತನ್ನು ಹೇಳಬೇಕಾದ ಹೊತ್ತಿನಲ್ಲಿ ನಾನು ಹೇಳಲಿಲ್ಲ. ಇರುವುದು ನಾಲ್ಕೇ ಅಕ್ಷರ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಾದರೂ ನಾಲ್ಕಕ್ಷರ ಹೇಳಲಾರದಷ್ಟು ದಡ್ಡಿ ನಾನಲ್ಲ. ಬೇರೆ ಯಾವ ವಿಷಯಕ್ಕೂ ನನ್ನ ಬಾಯಿಗೆ ಬೀಗ ಬಿದ್ದದ್ದನ್ನು ಕಂಡಿಲ್ಲವೆಂದು ನನ್ನ ಗಂಡ ಯಾವ ಕೋರ್ಟಿನಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತಾರೆ. ಆದರೆ ಆವತ್ತು ಬೀಗ ಬಿತ್ತು. ಅದರಿಂದಾಗಿ ಒಬ್ಬ ಒಳ್ಳೆಯ ಸರ್ಜನ್ ತನ್ನ ಕತ್ತಿ ಕತ್ತರಿಗಳನ್ನು ಕೆಳಗಿಡುವ ತನಕ ಹೋದ. ಆ ಸರ್ಜನ್ ನನ್ನ ಸ್ವಂತ ಅಣ್ಣ.

ನಾವು ಕೊಡಗಿನವರು. ಮನೆಯಲ್ಲಿ ಆಡುವುದು ಕೊಡವ ಮಾತು, ಬರೆಯಲು ಬರುವುದು ಸ್ಕೂಲಿನಲ್ಲಿ ಕಲಿತ ಕನ್ನಡ. ಆದ್ದರಿಂದ ಈ ಕಥೆಯಲ್ಲಿ ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಾರೆ, ಅಮೆರಿಕದ ರೈತ ವಾಲ್ಟರ್ ಕೂಡ. ಅಣ್ಣ ಪೊನ್ನಪ್ಪ ಅಮೆರಿಕದ ಡರ್ಹಮ್‌ನಲ್ಲಿ ಹೊಟ್ಟೆ ಕೊಯ್ಯುವ ಡಾಕ್ಟರು. ಹರ್ನಿಯಾ, ಅಪೆಂಡಿಕ್ಸ್, ಪಿತ್ತಕೋಶದ ಕಲ್ಲು, ಎಲ್ಲ ಅವನ ಕೈಯಲ್ಲೇ ಆಗಬೇಕು ಎನ್ನುವವರು ಆ ಸುತ್ತಿನಲ್ಲಿ ಬಹಳ ಜನ. ಎಷ್ಟೋ ವರ್ಷ ಕಳೆದ ಮೇಲೆ ಅವನೇ ಕಾಗದಪತ್ರ ಮಾಡಿಸಿ ನನ್ನನ್ನೂ ನನ್ನ ಗಂಡ ಬೋಪಣ್ಣನವರನ್ನೂ ಕರೆಸಿಕೊಂಡ. ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದ ಇವರು ಇಲ್ಲಿ ಸ್ಕೂಲ್ ಬಸ್ ಓಡಿಸುತ್ತಾರೆ. ಶತ್ರುಗಳ ಗಡಿಯೇ ಇದಕ್ಕಿಂತ ಶಾಂತವಾಗಿತ್ತು ಎಂದು ದಿನಾ ಸಂಜೆ ಹೇಳುತ್ತಾರೆ. ನನ್ನದು ಬಟ್ಟೆ ಆಲ್ಟರೇಷನ್ ಅಂಗಡಿ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಅಗಲ ಮಾಡುವುದು. ಈ ದೇಶದಲ್ಲಿ ಎರಡನೆಯದಕ್ಕೇ ಗಿರಾಕಿ ಜಾಸ್ತಿ.

ಅಂಗಡಿಯ ಹೊಲಿಗೆ ಮಿಷನ್‌ಗಳನ್ನು ಬಿಚ್ಚಿ ಜೋಡಿಸುವುದು ನಾನೇ. ಅದಕ್ಕೆ ನನ್ನದೊಂದು ನಿಯಮವಿದೆ. ಸ್ಕ್ರೂ ಯಾವುದೇ ಇರಲಿ, ಕೂರಿಸುವ ಮೊದಲು ಅದಕ್ಕೊಂದು ತೊಟ್ಟು ಎಣ್ಣೆ. ಎಣ್ಣೆಯಿಲ್ಲದೆ ಸ್ಕ್ರೂ ಹಾಕುವುದೂ ಒಗ್ಗರಣೆಯಿಲ್ಲದೆ ಸಾರು ಬಡಿಸುವುದೂ ನನ್ನ ಲೆಕ್ಕದಲ್ಲಿ ಒಂದೇ. ಚಿಕ್ಕವಳಿದ್ದಾಗ ಅಪ್ಪನ ಕೋವಿಗೆ ಎಣ್ಣೆ ಹಾಕಿ ಒರೆಸುವ ಕೆಲಸ ಮನೆಯಲ್ಲಿ ನನ್ನದಾಗಿತ್ತು. "ಮುತ್ತು ಎಣ್ಣೆ ಹಾಕಿದ ಕೋವಿ ಕೈ ಕೊಡಲ್ಲ" ಎಂದು ಅಪ್ಪ ನನ್ನ ಹೆಸರು ಹಿಡಿದು ಹೇಳುತ್ತಿದ್ದರು. ಆ ಒಂದು ಮಾತಿನ ಮೇಲೆ ನಾನು ಇಷ್ಟು ವರ್ಷ ಬದುಕಿದ್ದೇನೆ.

ಅಣ್ಣನಿಗೆ ಬೇಟೆಯ ಹುಚ್ಚು. ಅವನ ಹಳೆಯ ಪೇಷೆಂಟ್ ವಾಲ್ಟರ್‌ಗೆ ಊರಾಚೆ ದೊಡ್ಡ ಜಮೀನಿದೆ, ಅಲ್ಲಿ ಪೈನ್ ಮರಗಳ ನಡುವೆ ಜಿಂಕೆಗಳು ನಮ್ಮೂರಿನ ಹಸುಗಳ ಹಾಗೆ ಓಡಾಡುತ್ತವೆ. ಇಬ್ಬರೂ ಪ್ರತಿ ವರ್ಷ ನವೆಂಬರಿನಲ್ಲಿ ಅಲ್ಲಿಗೆ ಹೋಗಿ ಮರದ ಮೇಲೆ ಕೂರುತ್ತಾರೆ. ಆ ವರ್ಷ ವಾಲ್ಟರ್ ಒಂದು ಹೊಸ ಆಸೆ ಹುಟ್ಟಿಸಿದ್ದ. ಉದ್ದ ಕೋವಿಯಲ್ಲಿ ಜಿಂಕೆ ಹೊಡೆಯುವುದೇನು ದೊಡ್ಡದು, ರಿವಾಲ್ವರ್‌ನಲ್ಲಿ ಹೊಡೆದು ನೋಡು, ಅದಕ್ಕೆ ಕೈ ಕಲ್ಲಿನ ಹಾಗೆ ನಿಲ್ಲಬೇಕು ಎಂದಿದ್ದ. ಕೈ ಎಂಬ ಮಾತು ಬಂದರೆ ಅಣ್ಣ ಬಿಡುವವನಲ್ಲ. ಮೊಳದುದ್ದದ ರಿವಾಲ್ವರ್ ಒಂದನ್ನು ತಂದೇಬಿಟ್ಟ.

ಆದರೆ ಅರವತ್ತು ಹತ್ತಿರವಾದ ಕಣ್ಣು. ರಿವಾಲ್ವರ್‌ನ ಹಿಂದಿನ ಕಚ್ಚು ಕಂಡರೆ ಮುಂದಿನ ಗುರಿಮೊಳೆ ಕಾಣದು, ಮೊಳೆ ಕಂಡರೆ ಜಿಂಕೆ ಕಾಣದು. ಹಾಗಾಗಿ ಅದರ ಮೇಲೆ ಕೂರಿಸಲು ಒಂದು ಸ್ಕೋಪ್ ಕೊಂಡ. ಸ್ಕೋಪ್ ಎಂದರೆ ಸಣ್ಣ ದುರ್ಬೀನು, ಕೋವಿಗೆ ತೊಡಿಸುವ ಕನ್ನಡಕ ಅಂದುಕೊಳ್ಳಿ. ಬಂದೂಕಿನ ಅಂಗಡಿಯವನು ಬೇಟೆ ಸೀಸನ್ನಿನ ಕೆಲಸ ರಾಶಿ ಬಿದ್ದಿದೆ, ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಕಳೆದ ಮೇಲೆ ತನ್ನಿ ಎಂದ. ಅಣ್ಣನಿಗೆ ಲೇಬರ್ ಡೇ ರಜಕ್ಕೇ ಬೇಕಾಗಿತ್ತು, ಯಾಕೆಂದರೆ ಅದೇ ದಿನ ಇಲ್ಲಿ ನಮ್ಮ ಕೈಲ್‌ಪೊಳ್ದ್.

ಕೈಲ್‌ಪೊಳ್ದ್ ಎಂದರೆ ನಮ್ಮಲ್ಲಿ ಗದ್ದೆ ನಾಟಿ ಮುಗಿದ ಮೇಲೆ ಬರುವ ಆಯುಧದ ಹಬ್ಬ. ಕೋವಿಗಳನ್ನು ದೇವರ ಮುಂದಿಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಡರ್ಹಮ್‌ನಲ್ಲಿ ನಾಟಿ ಮಾಡುವ ಗದ್ದೆ ಇಲ್ಲದಿದ್ದರೂ ರಜವಂತೂ ಇದೆ. ಸುವಾನಿ, ಬ್ಯಾಲಂಟೈನ್ ಎಂಬ ಊರುಗಳ ಕಡೆಯಿಂದೆಲ್ಲ ನಮ್ಮವರು ಕಾರು ಮಾಡಿಕೊಂಡು ಅಣ್ಣನ ಮನೆಗೆ ಬರುತ್ತಿದ್ದರು.

ಈ ತೆಂಗಿನಕಾಯಿಯ ವಿಷಯ ಸ್ವಲ್ಪ ಹೇಳಬೇಕು. ಅಪ್ಪ ಊರಿನಲ್ಲಿ ಹೆಸರಾದ ಗುರಿಕಾರರು, ಅವರು ಗುರಿಯಿಟ್ಟ ಕಾಯಿ ಉಳಿದದ್ದಿಲ್ಲ. ಒಂದು ಕೈಲ್‌ಪೊಳ್ದಿನಲ್ಲಿ ಮಾತ್ರ ತಪ್ಪಿತು. ಜನ ತಮಾಷೆ ಎಂದು ನಕ್ಕರು. ಅಪ್ಪ ನಗಲಿಲ್ಲ. ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡು ಕೋವಿಯನ್ನು ಗೋಡೆಗೆ ತೂಗುಹಾಕಿದರು. ಮುಂದಿನ ವರ್ಷದ ಹೊತ್ತಿಗೆ ಕಾಫಿ ಲೋಟ ಹಿಡಿಯಲು ಎರಡು ಕೈ ಬೇಕಾಯಿತು. ಅಲ್ಲಿಂದ ನಮ್ಮ ಮನೆಯಲ್ಲಿ ತೆಂಗಿನಕಾಯಿ ಬರೀ ತೆಂಗಿನಕಾಯಿಯಾಗಿ ಉಳಿಯಲಿಲ್ಲ, ಅದೊಂದು ಮೆಡಿಕಲ್ ಟೆಸ್ಟು. ಇಷ್ಟು ದೊಡ್ಡ ಆಸ್ಪತ್ರೆಯ ಎಲ್ಲ ಯಂತ್ರಗಳ ನಡುವೆ ಕೆಲಸ ಮಾಡುವ ನನ್ನಣ್ಣನಿಗೆ ತನ್ನ ಕೈಯ ವಿಷಯದಲ್ಲಿ ನಂಬಿಕೆಯಿದ್ದದ್ದು ಆ ಟೆಸ್ಟಿನ ಮೇಲೆ ಮಾತ್ರ.

ಅಂಥ ಟೆಸ್ಟಿನ ಸಲಕರಣೆ ಜೋಡಿಸಲು ನಾನು ಮುಂದೆ ಬಂದೆ. ಯಾರೂ ಕರೆದಿರಲಿಲ್ಲ.

"ಅಂಗಡಿಯವನು ಯಾಕೆ, ನಾನಿಲ್ವಾ? ಮಿಷನ್ನಿನ ಹೊಟ್ಟೆಯೊಳಗಿನ ಸ್ಕ್ರೂಗಿಂತ ಇದು ದೊಡ್ಡದೇ ಇದೆ" ಎಂದೆ. ಅಣ್ಣ ಮನುಷ್ಯರ ಹೊಟ್ಟೆಯನ್ನು ನಿದ್ದೆಗಣ್ಣಿನಲ್ಲೂ ಹೊಲಿಯಬಲ್ಲ, ಆದರೆ ಮನೆಯ ಬಾಗಿಲಿನ ಒಂದು ಸ್ಕ್ರೂ ಸಡಿಲವಾದರೂ ನನಗೇ ಫೋನ್ ಮಾಡುವವನು. ಸಂತೋಷದಿಂದ ರಿವಾಲ್ವರನ್ನೂ ಸ್ಕೋಪಿನ ಡಬ್ಬಿಯನ್ನೂ ಕೊಟ್ಟು ಹೋದ.

ಹಬ್ಬಕ್ಕೆ ಒಂದು ವಾರ ಮೊದಲಿನ ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಬಟ್ಟೆ ಹಾಸಿ ಆಪರೇಷನ್ ಶುರು ಮಾಡಿದೆ. ಡಬ್ಬಿಯಲ್ಲಿ ಸ್ಕೋಪು, ರಿವಾಲ್ವರ್ ಬೆನ್ನಿಗೆ ಕೂರಿಸುವ ಪಟ್ಟಿ, ಸ್ಕೋಪನ್ನು ಹಿಡಿಯುವ ಬಳೆಗಳು, ಸಾಸಿವೆಯ ಅಕ್ಕತಂಗಿಯರಂಥ ಸ್ಕ್ರೂಗಳು, ನೀಲಿ ದ್ರವದ ಒಂದು ಪುಟ್ಟ ಟ್ಯೂಬು, ಇಂಗ್ಲಿಷಿನಲ್ಲಿ ಒಂದು ಹಾಳೆ. ಮೊದಲ ಸಲ ಸ್ಕೋಪನ್ನು ಹಿಂದುಮುಂದಾಗಿ ಕೂರಿಸಿದೆ. ಕಣ್ಣಿಟ್ಟು ನೋಡಿದರೆ, ಎದುರು ಸೋಫಾದ ಮೇಲೆ ಪೇಪರ್ ಓದುತ್ತಿದ್ದ ನನ್ನ ಗಂಡ ಬಹಳ ದೂರದಲ್ಲಿ, ಬಹಳ ಚಿಕ್ಕದಾಗಿ ಕಂಡರು. ಮದುವೆಯಾದ ಮೇಲೆ ಎಷ್ಟೋ ಸಲ ಅವರು ಅಷ್ಟು ದೂರವಿದ್ದರೆ ಚೆನ್ನಾಗಿತ್ತು ಎನಿಸಿದ್ದುಂಟು. ಸ್ವಲ್ಪ ಹೊತ್ತು ಹಾಗೇ ನೋಡಿದೆ. ಆಮೇಲೆ ಬಿಚ್ಚಿ ಸರಿ ಮಾಡಿದೆ.

ಇಷ್ಟಾದ ಮೇಲೆ ಹಾಳೆಯನ್ನೂ ಒಮ್ಮೆ ಓದುವುದು ಒಳ್ಳೆಯದು ಎನಿಸಿತು. ನಾನು ಇಂಗ್ಲಿಷ್ ಓದುವುದು ಕೋಳಿ ಕಾಳು ಹೆಕ್ಕಿದ ಹಾಗೆ. ಗೊತ್ತಿರುವ ಪದ ಸಿಕ್ಕರೆ ತೆಗೆದುಕೊಳ್ಳುತ್ತೇನೆ, ಉಳಿದದ್ದನ್ನು ಕೆದರಿ ಮುಂದೆ ಹೋಗುತ್ತೇನೆ. ಅಲ್ಲಿ ದಪ್ಪಕ್ಷರದಲ್ಲಿ ಎಲ್ಲ ಸ್ಕ್ರೂಗಳನ್ನೂ "ಡಿಗ್ರೀಸ್" ಮಾಡಿ ಎಂದಿತ್ತು. ಗ್ರೀಸ್ ನನಗೆ ಗೊತ್ತು. ಮುಂದೆ ಅಂಟಿಕೊಂಡಿದ್ದ "ಡಿ" ಯಾವುದು? ಒಂದು ಗಳಿಗೆ ಯೋಚಿಸಿದೆ. ಫ್ರಿಜ್ಜಿನಲ್ಲಿದ್ದ ಹಾಲಿನ ಡಬ್ಬಿಯ ಮೇಲೆ ವಿಟಮಿನ್ ಡಿ ಎಂದು ಬರೆದಿತ್ತಲ್ಲ. ವಿಟಮಿನ್ನಿನಲ್ಲಿ ಎ, ಬಿ, ಸಿ, ಡಿ ಇರುವ ಹಾಗೆ ಗ್ರೀಸಿನಲ್ಲೂ ಜಾತಿಗಳಿರಬೇಕು, ಸ್ಕ್ರೂಗೆ ಹಾಕುವುದು ಡಿ ಜಾತಿ ಎಂಬ ತೀರ್ಮಾನಕ್ಕೆ ಬಂದೆ.

"ಏನ್ರೀ, ನಮ್ಮಲ್ಲಿ ಡಿ-ಗ್ರೀಸ್ ಇದೆಯಾ?" ಎಂದು ಕೇಳಿದೆ.

ಪೇಪರಿನ ಹಿಂದಿನಿಂದ ಉತ್ತರ ಬಂತು. "ಇರೋದು ಹಾಕು."

ಇದ್ದದ್ದು ಮಿಷನ್ ಎಣ್ಣೆ. ಹಾಕಿದೆ. ಒಂದೊಂದು ಸ್ಕ್ರೂಗೂ ಒಂದೊಂದು ತೊಟ್ಟು, ಪಟ್ಟಿಯ ಕೆಳಗೆ ಒಂದು, ಬಳೆಗಳ ಒಳಗೆ ಒಂದು, ದೇವರ ಪೂಜೆಗೆ ಹೋಗುವ ಆಯುಧವಲ್ಲವೇ ಎಂದು ಮೇಲಿಂದ ಇನ್ನೊಂದು. ಹೀಗೆ ಅಣ್ಣನ ರಿವಾಲ್ವರ್‌ಗೆ ದೀಪಾವಳಿಯ ಮೊದಲೇ ಎಣ್ಣೆ ಸ್ನಾನವಾಯಿತು. ನೀಲಿ ಟ್ಯೂಬನ್ನು ಅಂಟು ಎಂದು ತಿಳಿದು, ಕಿವಿ ಮುರಿದಿದ್ದ ಕಾಫಿ ಕಪ್ಪಿಗೆ ಮೆತ್ತಿದೆ. ಅಂಟಲಿಲ್ಲ. ಕೆಟ್ಟ ಮಾಲು ಕೊಟ್ಟಿದ್ದಾರೆ ಎಂದು ಬಯ್ದು ಬಿಸಾಡಿದೆ.

ನನ್ನ ಪರವಾಗಿಯೂ ಒಂದು ಮಾತು ಇರಲಿ. ಸ್ಕೋಪಿನ ಒಳಗೆ ಗುರಿ ಹಿಡಿಯಲು ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆಗಳಿರುತ್ತವೆ, ಅವು ನೆಟ್ಟಗಿರಬೇಕು. ಅದಕ್ಕೆ ನಾನು ದಾರದ ತುದಿಗೆ ಹೊಲಿಗೆ ಮಿಷನ್ನಿನ ಬಾಬಿನ್ ಕಟ್ಟಿ ಕಿಟಕಿಯಿಂದ ಇಳಿಬಿಟ್ಟು, ಆ ದಾರಕ್ಕೆ ಗೆರೆಯನ್ನು ಹೊಂದಿಸಿದ್ದೆ. ಅಷ್ಟು ನೆಟ್ಟಗಿನ ಗೆರೆ ಆ ಕಂಪನಿಯವರೂ ಕಂಡಿರಲಾರರು. ಅಣ್ಣ ಬಂದು ಕಣ್ಣಿಟ್ಟು ನೋಡಿ, "ಮುತ್ತು, ನೀನು ಸರ್ಜನ್ ಆಗಬೇಕಿತ್ತು" ಎಂದ. ಆ ವಾರವೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ.

ಹಬ್ಬದ ದಿನ ಬೆಳಿಗ್ಗೆ ಅಣ್ಣನ ಮನೆಯಲ್ಲಿ ಪೂಜೆಯಾಯಿತು. ಕೋವಿಯ ನಳಿಗೆಗೆ ಸಿಕ್ಕಿಸುವ ತೋಕ್ ಪೂ ಎಂಬ ಹೂವು ಇಲ್ಲಿ ಸಿಗದು, ಅತ್ತಿಗೆ ದೇಚಮ್ಮ ಸೂಪರ್ ಮಾರ್ಕೆಟ್ಟಿನ ಹಳದಿ ಸೇವಂತಿಗೆ ಸಿಕ್ಕಿಸಿದರು. ರಿವಾಲ್ವರ್‌ಗೆ ಕುಂಕುಮ ಇಟ್ಟದ್ದು ನಾನು. ಗಾಜಿಗೆ ಇಡಬಾರದು ಎನ್ನುವಷ್ಟು ಬುದ್ಧಿ ನನಗಿತ್ತು. ಆ ದಿನ ನನ್ನಲ್ಲಿದ್ದ ಬುದ್ಧಿಯೆಲ್ಲ ಅಲ್ಲಿಗೇ ಖರ್ಚಾಯಿತೆಂದು ಕಾಣುತ್ತದೆ. ಹಂದಿ ಕರಿ ಬಡಿಸುತ್ತ, ಸುವಾನಿಯಿಂದ ಬಂದ ಹೆಂಗಸರಿಗೆಲ್ಲ ಸ್ಕೋಪ್ ಕೂರಿಸಿದ ಕಥೆ ಹೇಳಿದೆ. ಬಾಬಿನ್ನಿನ ಭಾಗವನ್ನು ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ.

ಊಟವಾದ ಮೇಲೆ ಎಲ್ಲರೂ ವಾಲ್ಟರ್‌ನ ಜಮೀನಿಗೆ ಹೋದೆವು. ನಮ್ಮೂರಿನಲ್ಲಾದರೆ ಕಾಯಿಯನ್ನು ಮರದ ತುದಿಗೆ ಕಟ್ಟುತ್ತಾರೆ. ಇಲ್ಲಿ ಗುಂಡಿನ ಹಿಂದೆ ಮಣ್ಣಿರಲೇಬೇಕೆಂದು ವಾಲ್ಟರ್‌ನ ಕಟ್ಟುನಿಟ್ಟು, ಹಾಗಾಗಿ ಕೆಂಪು ಮಣ್ಣಿನ ದಿಬ್ಬದ ಮುಂದೆ ಪೈನ್ ಕೊಂಬೆಗೆ ಹಗ್ಗ ಕಟ್ಟಿ ಕಾಯಿ ಇಳಿಬಿಟ್ಟಿದ್ದ. ಮೊದಲು ರಿವಾಲ್ವರನ್ನು ಮೇಜಿನ ಮೇಲೆ ಮರಳಿನ ಚೀಲಕ್ಕೆ ಒರಗಿಸಿ, ಕಾಗದದ ಗುರಿಗೆ ಹೊಡೆದು ಸ್ಕೋಪನ್ನು ಹೊಂದಿಸಿದರು. ಗುಂಡು ನಟ್ಟನಡುವೆ ಬಿತ್ತು. ನಾನು ಸುತ್ತ ನಿಂತವರ ಮುಖಗಳನ್ನು ನೋಡಿದೆ, ಎಲ್ಲರೂ ನನ್ನನ್ನು ನೋಡುತ್ತಿದ್ದಾರೋ ಇಲ್ಲವೋ ಎಂದು.

ಆಮೇಲೆ ಅಣ್ಣ ಎದ್ದು ನಿಂತು ಕೈ ಚಾಚಿ ಕಾಯಿಗೆ ಗುರಿಯಿಟ್ಟ. ಆ ರಿವಾಲ್ವರ್ ಒದೆಯುವುದು ಕತ್ತೆ ಒದ್ದ ಹಾಗೆ. ಢಮ್ಮೆಂದಿತು. ಕಾಯಿ ಅಲ್ಲಾಡಲಿಲ್ಲ. ಮತ್ತೆ ಹೊಡೆದ. ಎಡಗಡೆ ದಿಬ್ಬದಲ್ಲಿ ಮಣ್ಣು ಹಾರಿತು. ಇನ್ನೊಂದಕ್ಕೆ ಬಲಗಡೆ ಹಾರಿತು. ಮತ್ತೊಂದು ಎಲ್ಲಿಗೆ ಹೋಯಿತೋ ಆ ದಿಬ್ಬಕ್ಕೂ ಗೊತ್ತಾಗಲಿಲ್ಲ. ಕಾಯಿ ಮಾತ್ರ ಹೆಣ್ಣು ನೋಡಲು ಬಂದವರ ಮುಂದೆ ಕೂತ ಹುಡುಗಿಯ ಹಾಗೆ ಗಂಭೀರವಾಗಿ ತೂಗುತ್ತಿತ್ತು. ಕೊನೆಗೆ ಬ್ಯಾಲಂಟೈನ್‌ನಿಂದ ಬಂದಿದ್ದ, ಕಂಪ್ಯೂಟರ್ ಮೌಸ್ ಬಿಟ್ಟು ಬೇರೇನನ್ನೂ ಹಿಡಿದು ಗೊತ್ತಿಲ್ಲದ ಒಬ್ಬ ಹೊಸ ಅಳಿಯ ವಾಲ್ಟರ್‌ನ ಸಣ್ಣ ರೈಫಲ್ ಎತ್ತಿ ಒಂದೇ ಏಟಿಗೆ ಕಾಯಿ ಒಡೆದ. ಒಡೆದ ಮೇಲೆ ಎಲ್ಲರಿಗಿಂತ ಹೆಚ್ಚು ಹೆದರಿದವನೂ ಅವನೇ.

ಜನ ನಕ್ಕು ಚಪ್ಪಾಳೆ ತಟ್ಟಿದರು. ಅಣ್ಣ ರಿವಾಲ್ವರನ್ನು ಮೇಜಿನ ಮೇಲಿಟ್ಟು ತನ್ನ ಬಲಗೈಯನ್ನು ತಿರುಗಿಸಿ ನೋಡಿದ. ನನಗೆ ಮಾತ್ರ ಕೇಳುವ ಹಾಗೆ ಹೇಳಿದ. "ಚೀಲದ ಮೇಲಿಟ್ಟು ಹೊಡೆದಾಗ ಸರಿ ಬಿತ್ತು. ಕೈಯಲ್ಲಿ ಹಿಡಿದಾಗ ತಪ್ಪಿತು. ಕೋವಿ ಸರಿಯಾಗಿದೆ, ಮುತ್ತು. ಅಪ್ಪನಿಗೂ ಹೀಗೇ ಶುರುವಾದದ್ದು."

ಒರೆಸಿಡೋಣವೆಂದು ನಾನು ರಿವಾಲ್ವರನ್ನು ಎತ್ತಿಕೊಂಡೆ. ಸ್ಕೋಪಿನ ಮೇಲೆ ಹೆಬ್ಬೆರಳು ತಾಗಿತು. ಅದು ಹಾಲು ಹಲ್ಲಿನ ಹಾಗೆ ಆಡಿತು.

ಇದೇ ಆ ಹೊತ್ತು. ಇಲ್ಲೇ ಆ ನಾಲ್ಕಕ್ಷರ ಹೇಳಬೇಕಿತ್ತು. ಅಣ್ಣ ಪಕ್ಕದಲ್ಲೇ ಇದ್ದ. ಆದರೆ ಬಾಬಿನ್ನಿನ ಕಥೆ ಕೇಳಿದ್ದ ಹೆಂಗಸರೂ ಪಕ್ಕದಲ್ಲೇ ಇದ್ದರು. ನನ್ನ ಮರ್ಯಾದೆ ಒಂದು ಕಡೆ, ಅಣ್ಣನ ಕೈ ಒಂದು ಕಡೆ. ನಾನು ಮರ್ಯಾದೆಯ ಕಡೆ ಹೋದೆ. ಹೋದದ್ದು ಕಾರಿನ ಹಿಂದಕ್ಕೆ. ಕೈಚೀಲದಲ್ಲಿ ಸದಾ ಇರುವ ಸ್ಕ್ರೂಡ್ರೈವರು, ಡಬ್ಬಿಯ ಜೊತೆ ಬಂದಿದ್ದ ಸ್ಕ್ರೂ ಬಿಗಿಯುವ ಕೀಲಿ ತೆಗೆದು ಎಲ್ಲ ಸ್ಕ್ರೂಗಳನ್ನೂ ಗಟ್ಟಿಯಾಗಿ ಬಿಗಿದೆ. ವಾಪಸ್ ತಂದಿಡುವುದಕ್ಕೂ ವಾಲ್ಟರ್ ಬರುವುದಕ್ಕೂ ಸರಿಹೋಯಿತು. ಅವನಿಗೆ ಅನುಮಾನವಿತ್ತು. ಸ್ಕೋಪನ್ನು ಹಿಡಿದು ಎಳೆದ, ಅಲ್ಲಾಡಿಸಿದ, ಬಂಡೆಯ ಹಾಗಿದೆ ಎಂದು ತಲೆಯಾಡಿಸಿದ. ಕೋವಿಯಲ್ಲಿ ಏನೂ ದೋಷವಿಲ್ಲ ಡಾಕ್ಟರ್ ಎಂದು ಬಹಳ ದುಃಖದಿಂದ ಹೇಳಿದ.

ಹೀಗೆ ನನ್ನ ತಪ್ಪಿಗಿದ್ದ ಒಂದೇ ಒಂದು ಸಾಕ್ಷಿಯನ್ನೂ ನಾನೇ ಬಿಗಿದು ಮುಗಿಸಿದೆ.

ಮುಂದಿನ ವಾರ ಅತ್ತಿಗೆ ಫೋನ್ ಮಾಡಿದರು. ಅಣ್ಣ ಆಪರೇಷನ್ ನಿಲ್ಲಿಸುವ ಮಾತಾಡುತ್ತಿದ್ದಾನೆ, ಯಾರಾದರೂ ಬಂದು ನಿನ್ನ ಕೈ ನಡುಗುತ್ತಿದೆ ಎನ್ನುವ ಮೊದಲು ತಾನೇ ಬಿಡುವುದು ಮರ್ಯಾದೆ ಎನ್ನುತ್ತಿದ್ದಾನೆ ಎಂದರು. ಆಸ್ಪತ್ರೆಯವರು ಏನೂ ಕಾಣಲಿಲ್ಲವಲ್ಲ ಎಂದರೆ, ನಿಮಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ ಎಂದನಂತೆ. ನಾನು ಕೂಡಲೇ ನಿಜ ಹೇಳುವುದೆಂದು ನಿರ್ಧರಿಸಿ ಅವನ ಮನೆಗೆ ಹೊರಟೆ. ಬರಿಗೈಯಲ್ಲಿ ಹೇಗೆ ಹೋಗುವುದೆಂದು ಹಂದಿ ಕರಿ ಮಾಡಿಕೊಂಡು ಹೋದೆ. ಹಂದಿ ಕರಿ ಕೊಟ್ಟೆ. ನಿಜ ವಾಪಸ್ ತಂದೆ. ಮತ್ತೆ ಒಂದು ದಿನ ಹೋದೆ, ಮತ್ತೆ ಕರಿ ಕೊಟ್ಟು ನಿಜವನ್ನು ಮನೆಗೆ ತಂದೆ. ಹೀಗೇ ನಡೆದು, ಅಣ್ಣನಿಗೆ ಕೊಲೆಸ್ಟರಾಲ್ ಇದೆ ಎಂದು ಗೊತ್ತಿದ್ದೂ ನೀನು ಯಾಕೆ ಹೀಗೆ ಮಾಡುತ್ತೀ ಎಂದು ಅತ್ತಿಗೆ ಕೇಳುವ ತನಕ ಬಂತು. ಕೈ ತೆಗೆದದ್ದು ಸಾಲದೆಂದು ಎದೆಗೂ ಕೈ ಹಾಕಿದ್ದೆ.

ಒಂದು ಮಧ್ಯಾಹ್ನ ಅಣ್ಣನೇ ನನ್ನ ಅಂಗಡಿಗೆ ಬಂದ. ಮಿಷನ್ನಿನ ಮುಂದೆ ಕೂತು, ಒಂದು ಸೂಜಿ ದಾರ ಕೊಡು ಎಂದ. ಕೈ ಪರೀಕ್ಷೆ ಮಾಡಿಕೊಳ್ಳಲು ಬಂದಿದ್ದ. ಮೂವತ್ತು ವರ್ಷ ಜನರ ಹೊಟ್ಟೆ ಹೊಲಿದವನು ಉಸಿರು ಬಿಗಿಹಿಡಿದು ದಾರದ ತುದಿಯನ್ನು ಸೂಜಿಯ ಕಣ್ಣಿಗೆ ತಂದ. ಅಷ್ಟು ಭಯದಲ್ಲಿ ಯಾರ ಕೈ ತಾನೇ ನಿಲ್ಲುತ್ತದೆ? ದಾರ ಸೂಜಿಯ ಸುತ್ತ ಪ್ರದಕ್ಷಿಣೆ ಹಾಕಿತು, ಗುಡಿಯೊಳಗೆ ಹೋಗಲಿಲ್ಲ.

ನನಗೆ ನೋಡಲಾಗಲಿಲ್ಲ. ಈಗ ಹೇಳಿಯೇಬಿಡುತ್ತೇನೆ ಎಂದುಕೊಂಡೆ. ಮೊದಲು ಸೂಜಿ ಪೋಣಿಸಿಕೊಟ್ಟು ಆಮೇಲೆ ಹೇಳೋಣ ಎಂದು ಅವನ ಕೈಯಿಂದ ತೆಗೆದುಕೊಂಡೆ. ದಿನವಿಡೀ ಅದೇ ಕೆಲಸ ಮಾಡುವವಳು ನಾನು. ಆದರೆ ಒಳಗಿದ್ದ ಪಾಪ ಬೆರಳಿಗಿಳಿದಿತ್ತು. ನನ್ನ ಕೈ ಅವನದಕ್ಕಿಂತ ಜೋರಾಗಿ ನಡುಗಿತು.

ಅಣ್ಣ ನನ್ನ ಕೈಯನ್ನೇ ನೋಡಿದ. "ನಿನಗೂ ಬಂತಾ, ಮುತ್ತು?" ಎಂದ. "ಹಾಗಾದರೆ ಅನುಮಾನವೇ ಇಲ್ಲ. ಇದು ನಮ್ಮ ವಂಶದಲ್ಲೇ ಇದೆ."

ಅಲ್ಲಿಯ ತನಕ ಅವನಿಗೆ ಸಣ್ಣ ಅನುಮಾನವೊಂದು ಉಳಿದಿತ್ತಂತೆ. ಅದನ್ನೂ ನಾನು ಕೈಯಾರೆ ನಿವಾರಿಸಿದೆ. ಸಾಲದ್ದಕ್ಕೆ ಅವನು ನನ್ನ ಮೇಲಿನ ಪ್ರೀತಿಯಿಂದ ನರದ ಡಾಕ್ಟರ ಹತ್ತಿರ ನನಗೆ ಅಪಾಯಿಂಟ್‌ಮೆಂಟ್ ಮಾಡಿಸಿದ. ಆ ಡಾಕ್ಟರು ನನ್ನಿಂದ ಕಾಗದದ ಮೇಲೆ ಚಕ್ಕುಲಿ ಚಕ್ಕುಲಿಯಾಗಿ ಸುರುಳಿ ಬರೆಸಿದರು, ಮೂಗು ಮುಟ್ಟಿಸಿದರು, ಗೆರೆಯ ಮೇಲೆ ನಡೆಸಿದರು. ಏನೂ ಸಿಗಲಿಲ್ಲ. ಮನಸ್ಸಿಗೆ ಏನಾದರೂ ಚಿಂತೆ ಇದೆಯೇ ಎಂದು ಕೇಳಿದರು. ಇಲ್ಲವೇ ಇಲ್ಲ ಎಂದೆ. ನನ್ನ ಕೈ ಮತ್ತೆ ನಡುಗಿತು. ಅವರು ಏನೋ ಬರೆದುಕೊಂಡರು.

ನವೆಂಬರ್ ಬಂತು. ವಾಲ್ಟರ್ ಕರೆದರೂ ಅಣ್ಣ ಬೇಟೆಗೆ ಹೋಗಲಿಲ್ಲ. ಕೈ ನಿಲ್ಲದವನು ಜಿಂಕೆಯ ಮೇಲೆ ಗುಂಡು ಹಾರಿಸಬಾರದು, ಸಾಯುವುದೂ ಇಲ್ಲ, ಬದುಕುವುದೂ ಇಲ್ಲ, ಗಾಯಗೊಂಡು ಕಾಡಿನಲ್ಲಿ ನರಳುತ್ತದೆ ಎಂದ. ರಿವಾಲ್ವರನ್ನು ತಂದು, ಭಾವ, ಇದು ನಿಮ್ಮಲ್ಲೇ ಇರಲಿ ಎಂದು ನನ್ನ ಗಂಡನ ಕೈಗೆ ಕೊಟ್ಟ. ಆಸ್ಪತ್ರೆಯಲ್ಲೂ ಹೇಳಿಬಿಟ್ಟಿದ್ದ, ತಿಂಗಳ ಕೊನೆಯಲ್ಲಿ ಬರುವ ಇಲ್ಲಿನ ಹಬ್ಬ ಥ್ಯಾಂಕ್ಸ್‌ಗಿವಿಂಗ್ ಕಳೆದ ಮೇಲೆ ಆಪರೇಷನ್ ಇಲ್ಲ, ಬರೀ ಪೇಷೆಂಟ್ ನೋಡುವುದು.

ಶನಿವಾರ ನನ್ನ ಗಂಡ ವಾಲ್ಟರ್‌ನಲ್ಲಿಗೆ ಹೋಗಿ ಅದರಲ್ಲಿ ಗುಂಡು ಹಾರಿಸಿ ನೋಡಿ ಬಂದರು. ಬಂದವರು ರಿವಾಲ್ವರನ್ನು ಊಟದ ಮೇಜಿನ ಮೇಲಿಟ್ಟು ಸ್ಕೋಪನ್ನು ಬೆರಳಿನಿಂದ ತಳ್ಳಿದರು. ಅದು ತಲೆದೂಗಿತು. ಒಂದು ಸ್ಕ್ರೂ ಬಿಚ್ಚಿ ಬೆರಳುಗಳ ನಡುವೆ ಉಜ್ಜಿ ಮೂಸಿದರು.

"ಇದೇನಿದು, ನಿನ್ನ ಅಂಗಡಿಯ ವಾಸನೆ?"

"ಡಿ-ಗ್ರೀಸ್ ಮಾಡಿ ಅಂತ ಬರೆದಿತ್ತು" ಎಂದೆ.

ಅವರು ಒಂದು ಕುರ್ಚಿ ಎಳೆದುಕೊಂಡು ಕೂತರು. ಡಿಗ್ರೀಸ್ ಎಂದರೆ ಗ್ರೀಸ್ ಹಾಕುವುದಲ್ಲ, ಇರುವ ಗ್ರೀಸು ಎಣ್ಣೆಯನ್ನೆಲ್ಲ ಒರೆಸಿ ತೆಗೆಯುವುದು ಎಂದು, ಸ್ಕೂಲ್ ಬಸ್ಸಿನ ಮಕ್ಕಳಿಗೆ ಸೀಟಿನ ಮೇಲೆ ನಿಲ್ಲಬಾರದು ಎಂದು ಹೇಳುವ ಅದೇ ಧ್ವನಿಯಲ್ಲಿ ವಿವರಿಸಿದರು. ಸ್ಕ್ರೂ ಒಣಗಿರಬೇಕು, ಆ ನೀಲಿ ದ್ರವ ಹಚ್ಚಿ ಬಿಗಿಯಬೇಕು, ಆಗ ಎಷ್ಟು ಒದ್ದರೂ ಸಡಿಲವಾಗುವುದಿಲ್ಲ. ಎಣ್ಣೆಯಿದ್ದರೆ ಮೊದಲ ಗುಂಡು ಸರಿ ಬಿದ್ದರೂ, ಒದೆತ ಬಿದ್ದ ಹಾಗೆಲ್ಲ ಮತ್ತೆ ಮತ್ತೆ ಸಡಿಲವಾಗುತ್ತದೆ. ನೀಲಿ ದ್ರವ ಎಲ್ಲಿ ಎಂದು ಕೇಳಿದರು. ಕಾಫಿ ಕಪ್ಪಿನ ವಿಷಯ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡರು.

"ಇರೋದು ಹಾಕು ಅಂದವರು ನೀವೇ" ಎಂದೆ.

"ನಾನು ಹುಳಿಗೆ ಮೆಣಸಿನಪುಡಿ ಕೇಳ್ತಿದ್ದೀಯ ಅಂದುಕೊಂಡಿದ್ದೆ."

ಆಮೇಲೆ ಅವರು ಕೇಳಿದರು, ಇದು ನಿನಗೆ ಯಾವಾಗ ಗೊತ್ತಾಯಿತು ಎಂದು. ಕಾರಿನ ಹಿಂದೆ ಹೋಗಿದ್ದನ್ನು ಹೇಳಿದೆ, ಹಂದಿ ಕರಿಯನ್ನು ಹೇಳಿದೆ, ಸೂಜಿಯನ್ನು ಹೇಳಿದೆ. ಅವರು ನಗಲಿಲ್ಲ. ಎಣ್ಣೆ ಹಾಕಿದ್ದು ತಿಳಿಯದೆ ಆದದ್ದು, ಹೇಳದೆ ಇದ್ದದ್ದು ತಿಳಿದೂ ಮಾಡಿದ್ದು, ಮೊದಲನೆಯದನ್ನು ನಾನು ಸರಿ ಮಾಡಬಲ್ಲೆ, ಎರಡನೆಯದನ್ನು ನೀನೇ ಮಾಡಬೇಕು ಎಂದರು. ಎದ್ದು ಹೋಗಿ ಹೊಸ ನೀಲಿ ಟ್ಯೂಬು ತಂದು, ಸ್ಕ್ರೂಗಳನ್ನೆಲ್ಲ ಒರೆಸಿ ಕೂರಿಸಿದರು. ನಾನು ಹಂದಿ ಕರಿಗೆ ಈರುಳ್ಳಿ ಹೆಚ್ಚಲು ಕೂತೆ. ಬಾಣಲೆಯನ್ನು ಅವರು ಒಲೆಯ ಮೇಲಿಂದ ತೆಗೆದಿಟ್ಟರು.

ಬರಿಗೈಯಲ್ಲಿ ಅಣ್ಣನ ಮನೆಗೆ ಹೋಗುವ ಧೈರ್ಯ ಬರುವಷ್ಟರಲ್ಲಿ ಅವನ ಆಪರೇಷನ್ ಕೆಲಸಕ್ಕೆ ಆಸ್ಪತ್ರೆಯವರು ಇಟ್ಟ ಬೀಳ್ಕೊಡುಗೆಯ ದಿನ ಬಂದೇಬಿಟ್ಟಿತು. ನಾವೂ ಹೋದೆವು. ಡಾಕ್ಟರುಗಳು, ನರ್ಸುಗಳು, ಆಪರೇಷನ್ ಥಿಯೇಟರಿನ ಹುಡುಗರು ಎಲ್ಲ ಸೇರಿದ್ದರು. ಮೇಜಿನ ಮೇಲೆ ದೊಡ್ಡ ಕೇಕು, ಅದರ ಮೇಲೆ ಕ್ರೀಮಿನಲ್ಲಿ ಬಿಡಿಸಿದ ಕೊಂಬಿನ ಜಿಂಕೆ. ಇನ್ನು ಡಾಕ್ಟರಿಗೆ ಬೇಟೆಗೆ ಬೇಕಾದಷ್ಟು ಸಮಯ ಎಂದು ಪಾಪ, ಅವರ ಸಂತೋಷ. ಹಿರಿಯ ನರ್ಸ್ ಚಾಕು ತಂದು ಅಣ್ಣನ ಕೈಗಿಟ್ಟಳು. ಅವನು ಅದನ್ನು ಒಂದು ಕ್ಷಣ ಹಿಡಿದು ನೋಡಿ, ನಗುತ್ತಲೇ ಅವಳಿಗೆ ವಾಪಸ್ ಕೊಟ್ಟ. ನೀನೇ ಕುಯ್ಯಿ ಎಂದ. ಒಂದು ಕೇಕನ್ನೂ ಕುಯ್ಯಲು ಅವನಿಗೆ ಧೈರ್ಯವಿರಲಿಲ್ಲ.

ನಾನು ಎದ್ದು ನಿಂತೆ. ಎದ್ದದ್ದು ನನಗೇ ಗೊತ್ತಾಗಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನಲ್ಲಿದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಗಟ್ಟಿಯಾಗಿ ಹೇಳಿದೆ.

"ಡಾಕ್ಟರ್ ಹ್ಯಾಂಡ್ ಈಸ್ ಗುಡ್. ಮೈ ಸ್ಕ್ರೂ ಈಸ್ ಲೂಸ್."

ಇಡೀ ರೂಮು ನಗಲು ಶುರುಮಾಡಿತು. ಹಿರಿಯ ನರ್ಸ್ ನನ್ನ ಭುಜ ತಬ್ಬಿ, ಈ ಆಸ್ಪತ್ರೆಯಲ್ಲಿ ಎಲ್ಲರದೂ ಸ್ವಲ್ಪ ಲೂಸೇ ಎಂದಳು. ಸ್ಕ್ರೂ ಲೂಸು ಎಂದರೆ ನಮ್ಮಲ್ಲಿ ಏನರ್ಥವೋ ಅವರಲ್ಲೂ ಅದೇ ಅರ್ಥ ಎಂದು ನನಗೆ ಗೊತ್ತಾದದ್ದು ಆಗ. ಎರಡು ದೇಶಗಳ ನಡುವೆ ಇಷ್ಟು ಒಳ್ಳೆಯ ಹೊಂದಾಣಿಕೆ ಇರುವುದು ಸಂತೋಷವೇ. ಆದರೆ ಆ ಹೊತ್ತಿನಲ್ಲಿ ನನಗೆ ಬೇಕಾಗಿರಲಿಲ್ಲ.

ಅಣ್ಣ ಮಾತ್ರ ನಗಲಿಲ್ಲ. ಜನರನ್ನು ದಾಟಿ ನನ್ನ ಹತ್ತಿರ ಬಂದು, ನಮ್ಮ ಮಾತಿನಲ್ಲಿ ಏನೆಂದು ಕೇಳಿದ. ನಿಂತಲ್ಲೇ ಎಲ್ಲ ಹೇಳಿದೆ. ಡಿ-ಗ್ರೀಸು, ಕಾರಿನ ಹಿಂಭಾಗ, ವಾಲ್ಟರ್ ಬರುವ ಮೊದಲು ಬಿಗಿದದ್ದು. ಅವನು ಪೇಷೆಂಟಿನ ಮಾತು ಕೇಳುವ ಹಾಗೆ ತಲೆ ಬಗ್ಗಿಸಿ ಕೇಳಿದ.

"ಮತ್ತೆ ಸೂಜಿ ಪೋಣಿಸುವಾಗ ನಿನ್ನ ಕೈ ನಡುಗಿತಲ್ಲ?"

"ಅದು ವಂಶದ್ದಲ್ಲ. ಪಾಪದ್ದು."

ನನ್ನ ಗಂಡ ಹಿಂದಿನಿಂದ, ಸ್ಕ್ರೂ ಮೂಸಿ ನೋಡಿದವನು ನಾನು, ಸಾಕ್ಷಿ ಇದ್ದೇನೆ ಎಂದರು.

ಅಣ್ಣ ಕಿಟಕಿಯ ಹತ್ತಿರ ಹೋದ. ಬಯ್ಯುತ್ತಾನೆ, ಬಯ್ಯಲಿ ಎಂದುಕೊಂಡೆ. ಅವನು ಬಲಗೈಯನ್ನು ಬೆಳಕಿಗೆ ಚಾಚಿ ಬೆರಳು ಬಿಡಿಸಿ ನೋಡಿದ. ತಿರುಗಿಸಿ ನೋಡಿದ. ಕೈ ಕಲ್ಲಿನ ಹಾಗಿತ್ತು. ನೇರ ಹೋಗಿ ನರ್ಸಿನ ಕೈಯಿಂದ ಚಾಕು ತೆಗೆದುಕೊಂಡು ಕೇಕು ಕುಯ್ಯಲು ಶುರುಮಾಡಿದ. ಜಿಂಕೆಯ ಸುತ್ತ, ಕೊಂಬಿನ ಒಂದು ಕವಲಿಗೂ ಗಾಯವಾಗದ ಹಾಗೆ ಸುತ್ತಿ ಬಂದು ಅದನ್ನು ಇಡಿಯಾಗಿ ಎತ್ತಿದ. ಹಾಗೇ ಕುಯ್ಯುತ್ತ ನರ್ಸನ್ನು ಕೇಳಿದ, ಸೋಮವಾರದ ಹರ್ನಿಯಾವನ್ನು ಯಾರಿಗೆ ಕೊಟ್ಟಿದ್ದೀರಿ ಎಂದು. ಇನ್ನೂ ಯಾರಿಗೂ ಕೊಟ್ಟಿಲ್ಲ ಎಂದಳು ಅವಳು. ಕೊಡಬೇಡಿ ಎಂದ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ಒಂದು ನೋಟ ನೋಡಿದರು. ಅದರ ಲೆಕ್ಕ ಮನೆಯಲ್ಲಿ ಚುಕ್ತಾ ಆಗುತ್ತದೆ ಎಂದು ಅರ್ಥವಾಯಿತು.

ಅಣ್ಣ ಜಿಂಕೆಯಿದ್ದ ತುಂಡನ್ನು ಕಾಗದದ ತಟ್ಟೆಯಲ್ಲಿಟ್ಟು ನನ್ನ ಮುಂದೆ ಚಾಚಿದ. ತಟ್ಟೆ ಅವನ ಕೈಯಲ್ಲಿದ್ದಾಗ ನೆಟ್ಟಗಿತ್ತು, ನನ್ನ ಕೈಗೆ ಬಂದ ಕೂಡಲೇ ಜಿಂಕೆ ಕುಣಿಯತೊಡಗಿತು.

"ಕಥೆ ಎಲ್ಲ ಹೇಳಿದೆ" ಎಂದ ಅಣ್ಣ. "ಹೇಳಬೇಕಾದ ಮಾತು ಇನ್ನೂ ಬರಲಿಲ್ಲ."

ಗಂಟಲಲ್ಲಿ ಇಷ್ಟು ದಿನ ಕೂತಿದ್ದದ್ದು ಆಗ ಹೊರಗೆ ಬಂತು, ಎಣ್ಣೆ ಹಾಕಿದಷ್ಟು ಸಲೀಸಾಗಿ.

"ತಪ್ಪಾಯ್ತು, ಅಣ್ಣ. ಲೂಸಾಗಿದ್ದದ್ದು ನಿನ್ನ ಕೈಯಲ್ಲ, ನಾನು."